ಕೊಟ್ಟಾರದ ನಳ್ಳಿ ನೀರು, ಲಾಗರಿನ ಲೆಕ್ಕ

ಬಿಯರಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ. ಆದರೂ ಮಾಲ್ಟ್, ಹಾಪ್ಸ್, ಈಸ್ಟ್‌ಗಳ ಬಗ್ಗೆ ನಡೆಯುವಷ್ಟು ಚರ್ಚೆ ನೀರಿನ ಬಗ್ಗೆ ನಡೆಯುವುದಿಲ್ಲ. ಹುರಿದ ಮಾಲ್ಟಿನಿಂದ ಮಾಡಿದ ಕಪ್ಪು ಬಿಯರಿನಲ್ಲಿ ನೀರಿನ ಸಣ್ಣಪುಟ್ಟ ದೋಷ ಮುಚ್ಚಿಹೋಗುತ್ತದೆ. ಹೊಂಬಣ್ಣದ ತಿಳಿ ಲಾಗರಿನಲ್ಲಿ ಅದು ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಕ್ಲೋರಿನ್ ಉಳಿದಿದ್ದರೆ ಔಷಧಿಯ ವಾಸನೆ ಬರುತ್ತದೆ, ಕ್ಷಾರತೆ ಹೆಚ್ಚಾದರೆ ನಾಲಿಗೆಗೆ ಒಗರು ಅಂಟುತ್ತದೆ, ಲವಣ ಅತಿಯಾದರೆ ಕಹಿ ಒರಟಾಗುತ್ತದೆ. ಮಂಗಳೂರಿನ ಕೊಟ್ಟಾರದಂಥ ಬಡಾವಣೆಯ ನಳ್ಳಿಗೆ ಬರುವುದು ಮೆದು ನೀರು. ಲಾಗರಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ: ಇದರಿಂದ ತೆಗೆಯಬೇಕಾದದ್ದು ಬಹಳ ಕಡಿಮೆ, ಸೇರಿಸಬೇಕಾದದ್ದೂ ಕೆಲವೇ ಗ್ರಾಂ.

ಲಾಗರ್ ಎಂದರೆ ತಣ್ಣಗಿನ ವಾತಾವರಣದಲ್ಲಿ ನಿಧಾನವಾಗಿ ಹುದುಗಿಸಿ, ಆಮೇಲೆ ವಾರಗಟ್ಟಲೆ ಶೀತದಲ್ಲಿ ಇಟ್ಟು ಪಕ್ವಗೊಳಿಸಿದ ಬಿಯರ್. ಹುದುಗುವಿಕೆ 8ರಿಂದ 13 ಡಿಗ್ರಿ ಸೆಲ್ಸಿಯಸ್ ನಡುವೆ, ಪಕ್ವವಾಗುವುದು 0ಯಿಂದ 4 ಡಿಗ್ರಿಯ ಆಸುಪಾಸಿನಲ್ಲಿ. ಅಂಗಡಿಯಲ್ಲಿ ಸಿಗುವ ಕಿಂಗ್‌ಫಿಷರ್‌ನಂಥ ಬಿಯರ್‌ಗಳು ಈ ವರ್ಗದವೇ. ಕರಾವಳಿಯ ಸೆಕೆಯಲ್ಲಿ ಫ್ರಿಜ್ಜಿನ ನೆರವಿಲ್ಲದೆ ಲಾಗರ್ ಆಗುವುದಿಲ್ಲ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ವಂತ ಬಳಕೆಗೆ ಮನೆಯಲ್ಲೇ ಮಾಡಿದ ಬಿಯರ್ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಹಾಗಾಗಿ ಈ ನೀರಿನ ಲೆಕ್ಕ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದು ಲೈಸೆನ್ಸ್ ಪಡೆದ ಮೈಕ್ರೋಬ್ರೂವರಿಗಳಿಗೆ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಯ ಬಿಯರಿಗೆ ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಫೆಡರಲ್ ಮಟ್ಟದಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟಿತು. ಅಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳಲ್ಲಿ ಈ ಹವ್ಯಾಸ ಇಟ್ಟುಕೊಂಡವರಿಗೆ ಊರಿನ ನೀರಿನ ಗುಣ ತಿಳಿದಿದ್ದರೆ, ತಾವಿರುವ ಊರಿನ ನೀರಿನ ಗುಣವೂ ಬೇಗ ಅರ್ಥವಾಗುತ್ತದೆ.

ಮಂಗಳೂರಿನ ನಳ್ಳಿಗಳಿಗೆ ನೀರು ಬರುವುದು ನೇತ್ರಾವತಿಯಿಂದ. ಕುದುರೆಮುಖದ ಕಡೆಯ ಘಟ್ಟದಲ್ಲಿ ಹುಟ್ಟುವ ಈ ನದಿಗೆ ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಸೇರುತ್ತದೆ. ಬಂಟ್ವಾಳ ದಾಟಿದ ಮೇಲೆ ತುಂಬೆಯ ವೆಂಟೆಡ್ ಡ್ಯಾಮಿನಲ್ಲಿ ನೀರನ್ನು ನಿಲ್ಲಿಸಿ, ಪಂಪ್ ಮಾಡಿ, ಶುದ್ಧೀಕರಿಸಿ ನಗರಕ್ಕೆ ಕಳುಹಿಸಲಾಗುತ್ತದೆ. ಕೊಟ್ಟಾರ, ಕೊಟ್ಟಾರ ಚೌಕಿ, ದೇರೆಬೈಲು, ಉರ್ವಸ್ಟೋರ್‌ಗಳ ಮನೆಗಳಲ್ಲಿ ‘ಕಾರ್ಪೊರೇಷನ್ ನೀರು’ ಎಂದು ಕರೆಯುವುದು ಇದನ್ನೇ.

ನೇತ್ರಾವತಿಯ ನೀರು ಮೆದುವಾಗಿರುವುದಕ್ಕೆ ಕಾರಣ ಘಟ್ಟದ ಬಂಡೆ ಮತ್ತು ಮಳೆ. ಈ ಕಣಿವೆಯಲ್ಲಿ ಹೆಚ್ಚಾಗಿ ಇರುವುದು ನೈಸ್, ಚಾರ್ನೊಕೈಟ್, ಶಿಸ್ಟ್‌ನಂಥ ಸಿಲಿಕೇಟ್ ಬಂಡೆಗಳು. ಸುಣ್ಣಕಲ್ಲು ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣಕಲ್ಲು ಮಳೆನೀರಿನಲ್ಲಿ ಸುಲಭವಾಗಿ ಕರಗಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ನೀರಿಗೆ ಬಿಡುತ್ತದೆ, ಸಿಲಿಕೇಟ್ ಬಂಡೆ ಹಾಗೆ ಕರಗುವುದಿಲ್ಲ. ಅದರ ಮೇಲೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ, ಕರಗಿದ ಅಲ್ಪಸ್ವಲ್ಪವನ್ನೂ ತೆಳುವಾಗಿಸಿ ಸಮುದ್ರಕ್ಕೆ ಒಯ್ಯುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುವುದನ್ನು ಕಂಡವರಿಗೆ ಮಂಗಳೂರಿನಲ್ಲಿ ಸೋಪು ಎಷ್ಟು ಬೇಗ ನೊರೆ ಕೊಡುತ್ತದೆ ಎಂಬುದು ಗಮನಕ್ಕೆ ಬಂದೇ ಇರುತ್ತದೆ.

ಮನೆಯಂಗಳದ ಬಾವಿಗಳ ಕಥೆ ಸ್ವಲ್ಪ ಬೇರೆ. ಕೆಂಪುಕಲ್ಲಿನ ನೆಲದ ಬಾವಿನೀರೂ ಮೆದುವೇ, ಆದರೆ ಹಲವು ಕಡೆ ಆಮ್ಲೀಯ. ಪಿಎಚ್ 6ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತ ಕೆಳಗೆ ಇಳಿಯುವುದುಂಟು. ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶವೂ ಇರುತ್ತದೆ. ಬಟ್ಟೆಗೆ, ಬಚ್ಚಲ ಕಲ್ಲಿಗೆ ತುಕ್ಕಿನ ಕಲೆ ಹಿಡಿಸುವ ನೀರು ಬಿಯರಿಗೆ ಬೇಡವೇ ಬೇಡ. ಲೀಟರಿಗೆ 0.1 ಮಿಲಿಗ್ರಾಂ ದಾಟಿದ ಕಬ್ಬಿಣ ಲೋಹದ ರುಚಿ ಕೊಡಬಲ್ಲದು, ಬಿಯರ್ ಬೇಗ ಹಳಸಲೂ ಕಾರಣವಾಗುತ್ತದೆ. ನದಿಮುಖಕ್ಕೆ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುವುದು ಇನ್ನೊಂದು ತೊಂದರೆ. ಕೊಟ್ಟಾರದ ಉತ್ತರಕ್ಕೆ ಕೂಳೂರಿನಲ್ಲಿ ಹರಿಯುವ ಫಲ್ಗುಣಿಯಲ್ಲಿ ಭರತದ ಜೊತೆ ಸಮುದ್ರದ ನೀರು ಒಳಬರುತ್ತದೆ.

ಮೆದು ನೀರಿಗೂ ಲಾಗರಿಗೂ ಇರುವ ನಂಟು ಹಳೆಯದು. ಈಗ ಚೆಕ್ ಗಣರಾಜ್ಯದಲ್ಲಿರುವ ಪಿಲ್ಸನ್ ಪಟ್ಟಣದಲ್ಲಿ 1842ರ ಅಕ್ಟೋಬರಿನಲ್ಲಿ ಬವೇರಿಯಾದ ಯೋಸೆಫ್ ಗ್ರೋಲ್ ಎಂಬಾತ ತಿಳಿ ಮಾಲ್ಟ್, ಸಾಟ್ಸ್ ಹಾಪ್ಸ್ ಮತ್ತು ತಳದಲ್ಲಿ ಕೂರುವ ಈಸ್ಟ್ ಬಳಸಿ ಹೊಂಬಣ್ಣದ ಲಾಗರ್ ಮಾಡಿದ. ಇಂದು ಜಗತ್ತಿನಲ್ಲಿ ಮಾರಾಟವಾಗುವ ತಿಳಿ ಲಾಗರ್‌ಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದರ ಸಂತಾನವೇ. ಪಿಲ್ಸನ್ನಿನ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 10 ಮಿಲಿಗ್ರಾಂ ಮಾತ್ರ, ಸಲ್ಫೇಟ್ ಮತ್ತು ಕ್ಲೋರೈಡ್ ಇನ್ನೂ ಕಡಿಮೆ. ಅದೇ ಕಾಲದ ಮ್ಯೂನಿಕ್ ಕಂದು ಲಾಗರಿಗೆ ಹೆಸರಾಗಿತ್ತು, ಏಕೆಂದರೆ ಅಲ್ಲಿನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಹೆಚ್ಚು ಹೊತ್ತು ಒಣಗಿಸಿ ಬಣ್ಣ ಬರಿಸಿದ ಮಾಲ್ಟಿನ ಆಮ್ಲತೆ ಆ ಕ್ಷಾರವನ್ನು ತಗ್ಗಿಸುತ್ತಿತ್ತು. ಜಿಪ್ಸಂ ತುಂಬಿದ ನೀರಿನ ಇಂಗ್ಲೆಂಡಿನ ಬರ್ಟನ್ನಿನಲ್ಲಿ ಏಲ್ ಎಂಬ ಒಣ ಕಹಿಯ ಬಿಯರ್ ಬೆಳೆಯಿತು. ರಸಾಯನಶಾಸ್ತ್ರ ತಿಳಿಯುವ ಮೊದಲೇ ಆಯಾ ಊರಿನವರು ತಮ್ಮ ನೀರು ಒಪ್ಪುವ ಬಿಯರನ್ನು ಕಂಡುಕೊಂಡಿದ್ದರು. ಈ ಪಟ್ಟಿಯಲ್ಲಿ ನೇತ್ರಾವತಿಯ ನೀರನ್ನು ಇಡಬೇಕಾದ ಜಾಗ ಪಿಲ್ಸನ್ನಿನ ಪಕ್ಕದಲ್ಲೇ.

ಬಿಯರಿನ ಮಟ್ಟಿಗೆ ನೀರಿನಲ್ಲಿ ಲೆಕ್ಕಕ್ಕೆ ಬರುವ ಅಯಾನುಗಳು ಮುಖ್ಯವಾಗಿ ಆರು: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್, ಸಲ್ಫೇಟ್, ಬೈಕಾರ್ಬೊನೇಟ್. ಇವುಗಳಲ್ಲಿ ಮೆಗ್ನೀಸಿಯಂ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ, ಈಸ್ಟಿಗೆ ಬೇಕಾದಷ್ಟು ಮಾಲ್ಟಿನಲ್ಲೇ ಇದೆ. ಸೋಡಿಯಂ ಕಡಿಮೆ ಇದ್ದಷ್ಟೂ ಲಾಗರಿಗೆ ಒಳ್ಳೆಯದು. ಕ್ಲೋರೈಡ್ ಮಾಲ್ಟಿನ ರುಚಿಗೆ ತುಂಬುತನ ಕೊಡುತ್ತದೆ, ಸಲ್ಫೇಟ್ ಹಾಪ್ಸಿನ ಕಹಿಯನ್ನು ಚುರುಕಾಗಿಸುತ್ತದೆ. ಉತ್ತರ ಜರ್ಮನಿಯ ಪಿಲ್ಸ್‌ನಂಥ ಒಣ ಲಾಗರಿಗೆ ಸ್ವಲ್ಪ ಸಲ್ಫೇಟ್ ಒಪ್ಪುತ್ತದೆ. ಸಾಟ್ಸ್‌ನಂಥ ನಯವಾದ ಹಾಪ್ಸ್ ಹಾಕಿದ ಬೊಹೀಮಿಯದ ಶೈಲಿಗೆ ಅದು ಹೆಚ್ಚಾದರೆ ಕಹಿ ಗಂಟಲಲ್ಲಿ ಗೀರುತ್ತದೆ.

ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಮಾತ್ರ ಬಿಯರ್ ಹುಟ್ಟುವ ಹಂತದಲ್ಲೇ ಕೆಲಸ ಮಾಡುತ್ತವೆ. ಮಾಲ್ಟಿನ ನುಚ್ಚನ್ನು 62ರಿಂದ 68 ಡಿಗ್ರಿಯ ಬಿಸಿನೀರಿನಲ್ಲಿ ನೆನೆಸಿಟ್ಟಾಗ ಅದರಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಈ ಹಂತಕ್ಕೆ ಮ್ಯಾಶ್ ಎಂದು ಹೆಸರು. ಮ್ಯಾಶಿನ ಪಿಎಚ್ 5.2ರಿಂದ 5.6ರ ಒಳಗಿದ್ದರೆ ಕಿಣ್ವಗಳು ಚೆನ್ನಾಗಿ ನಡೆಯುತ್ತವೆ, ಹೊಟ್ಟಿನ ಒಗರು ನೀರಿಗಿಳಿಯುವುದಿಲ್ಲ, ಬಿಯರೂ ತಿಳಿಯಾಗುತ್ತದೆ. ಪಿಎಚ್ ಎಂಬ ಅಳತೆಯೇ ಬಿಯರ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಹುಟ್ಟಿದ್ದು. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸೆನ್ ಅದನ್ನು ರೂಪಿಸಿದರು. ಲಾಗರ್ ಈಸ್ಟನ್ನು ಒಂದೇ ಕೋಶದಿಂದ ಶುದ್ಧವಾಗಿ ಬೆಳೆಸುವ ಕ್ರಮವನ್ನು ಎಮಿಲ್ ಹ್ಯಾನ್ಸನ್ 1883ರಲ್ಲಿ ಸಾಧಿಸಿದ್ದೂ ಅಲ್ಲೇ.

ಬೈಕಾರ್ಬೊನೇಟ್ ಈ ಪಿಎಚ್ಚನ್ನು ಮೇಲಕ್ಕೆ ಎಳೆಯುತ್ತದೆ. ಕ್ಯಾಲ್ಸಿಯಂ ಮಾಲ್ಟಿನ ಫಾಸ್ಫೇಟ್ ಜೊತೆ ಕೂಡಿ ಗಸಿಯಾಗಿ ಇಳಿಯುವಾಗ ಹೈಡ್ರೋಜನ್ ಅಯಾನುಗಳನ್ನು ಬಿಡುವುದರಿಂದ ಪಿಎಚ್ ಕೆಳಗಿಳಿಯುತ್ತದೆ. ಈ ಎರಡರ ಜಗ್ಗಾಟದಲ್ಲಿ ಕೊನೆಗೆ ಎಷ್ಟು ಕ್ಷಾರ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಪೌಲ್ ಕೋಲ್‌ಬಾಖ್ 1953ರಲ್ಲಿ ಒಂದು ಸೂತ್ರವಾಗಿ ಕೊಟ್ಟರು. ನೀರಿನ ಒಟ್ಟು ಕ್ಷಾರತೆಯಿಂದ ಕ್ಯಾಲ್ಸಿಯಮ್ಮಿನ 1.4ರಲ್ಲೊಂದು ಭಾಗವನ್ನೂ ಮೆಗ್ನೀಸಿಯಮ್ಮಿನ 1.7ರಲ್ಲೊಂದು ಭಾಗವನ್ನೂ ಕಳೆದರೆ ಸಿಗುವುದು ‘ಉಳಿಕೆ ಕ್ಷಾರತೆ’. ಕ್ಷಾರತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಉಳಿದ ಎರಡನ್ನು ಹಾಗೆಯೇ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೆಗೆದುಕೊಳ್ಳಬೇಕು. ತಿಳಿ ಲಾಗರಿಗೆ ಈ ಸಂಖ್ಯೆ ಸೊನ್ನೆಯ ಆಸುಪಾಸಿನಲ್ಲಿ, ಸಾಧ್ಯವಾದರೆ ಅದಕ್ಕಿಂತ ಸ್ವಲ್ಪ ಕೆಳಗೆ ಇರಬೇಕು.

ಸರಿಪಡಿಸುವ ಕೆಲಸ ಕ್ಲೋರಿನ್ನಿನಿಂದ ಶುರುವಾಗಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರಿನ್ ಹಾಕಿದ ನೀರು ಬಳಕೆದಾರರಿಗೆ ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕುಡಿಯುವವರ ಆರೋಗ್ಯಕ್ಕೆ ಅದು ಬೇಕೇ ಬೇಕು. ಬಿಯರಿನಲ್ಲಿ ಮಾತ್ರ ಅದು ಮಾಲ್ಟಿನ ಫೀನಾಲುಗಳೊಡನೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ನಾಲಿಗೆಗೆ ತಿಳಿಯುವ ಈ ವಾಸನೆ ಒಮ್ಮೆ ಬಂದರೆ ಹೋಗುವುದಿಲ್ಲ. ಹಾಗಾಗಿ ನೀರಿನಲ್ಲಿರುವಾಗಲೇ ಕ್ಲೋರಿನ್ನನ್ನು ಹೋಗಲಾಡಿಸಲು ಮೂರು ದಾರಿಗಳಿವೆ. ಬಾಯಗಲದ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಡುವುದು ಅಥವಾ ಚೆನ್ನಾಗಿ ಕುದಿಸುವುದು ಒಂದು. ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರಿನಲ್ಲಿ ನಿಧಾನವಾಗಿ ಹಾಯಿಸುವುದು ಇನ್ನೊಂದು. ಎಲ್ಲಕ್ಕಿಂತ ಖಚಿತವಾದದ್ದು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್; ಮನೆಯಲ್ಲಿ ಹಣ್ಣಿನ ಸ್ಕ್ವಾಷ್ ಮಾಡುವವರು ಕೆಡದಂತೆ ಹಾಕುವ ‘ಕೆಎಂಎಸ್’ ಪುಡಿ ಇದೇ. 30 ಲೀಟರ್ ನೀರಿಗೆ 0.3 ಗ್ರಾಂ ಹಾಕಿ ಕದಡಿದರೆ ಕೆಲವೇ ನಿಮಿಷಗಳಲ್ಲಿ ಕ್ಲೋರಿನ್ ಬರಿಯ ಕ್ಲೋರೈಡ್ ಆಗಿ ಮಾರ್ಪಡುತ್ತದೆ. ನೀರಿಗೆ ಕ್ಲೋರಮೈನ್ ಹಾಕುವ ಊರುಗಳಲ್ಲಿ ತೆರೆದಿಡುವ ಉಪಾಯ ನಡೆಯುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ 2004ರಿಂದ ಕ್ಲೋರಮೈನ್ ಬಳಸುತ್ತಿದೆ, ಅಂಥಲ್ಲಿ ಇರುವವರಿಗೆ ಮೆಟಾಬೈಸಲ್ಫೈಟೇ ದಾರಿ.

ಇನ್ನು ಲವಣಗಳ ಲೆಕ್ಕ. 20 ಲೀಟರ್ ಲಾಗರಿಗೆ ಹೊಟ್ಟು ಹೀರುವುದು, ಕುದಿಯುವಾಗ ಆವಿಯಾಗುವುದು ಎಲ್ಲ ಸೇರಿ ಸುಮಾರು 30 ಲೀಟರ್ ನೀರು ಬೇಕಾಗುತ್ತದೆ. ಲೆಕ್ಕಕ್ಕೆ ಮೆದು ನೀರಿನ ಒಂದು ಮಾದರಿ ಇಟ್ಟುಕೊಳ್ಳಬಹುದು: ಲೀಟರಿಗೆ ಕ್ಯಾಲ್ಸಿಯಂ 8 ಮಿಲಿಗ್ರಾಂ, ಮೆಗ್ನೀಸಿಯಂ 2, ಕ್ಷಾರತೆ 25. ಇದರ ಉಳಿಕೆ ಕ್ಷಾರತೆ 18. ಈ 30 ಲೀಟರಿಗೆ 3 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ (ಎರಡು ನೀರಿನ ಅಣುಗಳಿರುವ ಹರಳು) ಮತ್ತು ಒಂದೂವರೆ ಗ್ರಾಂ ಜಿಪ್ಸಂ ಹಾಕಿದರೆ ಲೀಟರಿಗೆ 39 ಮಿಲಿಗ್ರಾಂ ಕ್ಯಾಲ್ಸಿಯಂ, 48 ಮಿಲಿಗ್ರಾಂ ಕ್ಲೋರೈಡ್, 28 ಮಿಲಿಗ್ರಾಂ ಸಲ್ಫೇಟ್ ಸೇರುತ್ತವೆ. ಒಟ್ಟು ಕ್ಯಾಲ್ಸಿಯಂ 47ಕ್ಕೆ ಏರುತ್ತದೆ, ಉಳಿಕೆ ಕ್ಷಾರತೆ ಸೊನ್ನೆಗಿಂತ 10ರಷ್ಟು ಕೆಳಗಿಳಿಯುತ್ತದೆ. ಸಾಮಾನ್ಯ ಲಾಗರಿಗೆ ಇಷ್ಟು ಧಾರಾಳ ಸಾಕು. ಬೊಹೀಮಿಯದ ನಯವಾದ ಶೈಲಿ ಬೇಕೆಂದರೆ ಕ್ಯಾಲ್ಸಿಯಂ ಕ್ಲೋರೈಡನ್ನು ಇದರ ಅರ್ಧ ಹಾಕಿ, ಜಿಪ್ಸಮ್ಮನ್ನು ಬಿಟ್ಟೇಬಿಡಬಹುದು.

ಕ್ಯಾಲ್ಸಿಯಂ 50 ಮಿಲಿಗ್ರಾಂ ಇರಲೇಬೇಕು ಎಂಬ ಮಾತು ಹಲವು ಕೈಪಿಡಿಗಳಲ್ಲಿ ಇದೆ. ಅಷ್ಟಿದ್ದರೆ ಕಿಣ್ವಗಳಿಗೆ ಬಲ, ಈಸ್ಟ್ ಚೆನ್ನಾಗಿ ತಳ ಸೇರುತ್ತದೆ, ಆಕ್ಸಲೇಟ್ ಮೊದಲೇ ಗಸಿಯಾಗಿ ಇಳಿದು ಪಾತ್ರೆಗಳಲ್ಲಿ ಬಿಯರ್ ಕಲ್ಲು ಕಟ್ಟುವುದು ತಪ್ಪುತ್ತದೆ. ಆದರೆ ಅದು ಕಟ್ಟಳೆಯಲ್ಲ. ಪಿಲ್ಸನ್ನಿನಲ್ಲಿ ಅದರ ಐದರಲ್ಲೊಂದು ಪಾಲಿನಲ್ಲೇ ಜಗತ್ತು ಮೆಚ್ಚುವ ಬಿಯರ್ ಆಗುತ್ತಿದೆ, ಲಾಗರ್ ಈಸ್ಟಿಗೆ ತಳ ಸೇರಲು ವಾರಗಟ್ಟಲೆ ಶೀತದ ಸಮಯವೂ ಸಿಗುತ್ತದೆ. ಮೆದು ನೀರಿನಲ್ಲಿ ಲಾಗರ್ ಕೆಡುವುದು ಲವಣ ಕಡಿಮೆಯಾಗಿದ್ದಕ್ಕಿಂತ ಹೆಚ್ಚಾಗಿದ್ದರಿಂದಲೇ ಹೆಚ್ಚು.

ಲವಣ ಹಾಕಿದ ಮಾತ್ರಕ್ಕೆ ಮ್ಯಾಶಿನ ಪಿಎಚ್ ಬೇಕಾದಲ್ಲಿಗೆ ಬರುವುದಿಲ್ಲ. ತಿಳಿ ಪಿಲ್ಸ್ನರ್ ಮಾಲ್ಟಿಗೆ ಸ್ವಂತ ಆಮ್ಲತೆ ಕಡಿಮೆ. ಡಿಸ್ಟಿಲ್ಡ್ ನೀರಿನಲ್ಲೇ ಅದರ ಮ್ಯಾಶ್ 5.7ರಿಂದ 5.8ರವರೆಗೆ ನಿಲ್ಲುತ್ತದೆ. ಮೇಲಿನ ಲವಣಗಳಿಂದ ಅದು ಇಳಿಯುವುದು 0.1ರೊಳಗೆ. ಉಳಿದದ್ದಕ್ಕೆ ಆಮ್ಲ ಬೇಕು. 5 ಕಿಲೋ ಮಾಲ್ಟಿನ ಮ್ಯಾಶಿಗೆ 88 ಪ್ರತಿಶತದ ಲ್ಯಾಕ್ಟಿಕ್ ಆಮ್ಲ 2 ಮಿಲಿಲೀಟರ್ ಹಾಕಿದರೆ ಪಿಎಚ್ ಸುಮಾರು 0.1 ತಗ್ಗುತ್ತದೆ. ಒಮ್ಮೆಲೇ ಸುರಿಯದೆ, 2 ಮಿಲಿಲೀಟರ್ ಹಾಕಿ ಕಲಕಿ, ಹತ್ತು ನಿಮಿಷ ಬಿಟ್ಟು ಅಳೆದು, ಬೇಕಿದ್ದರೆ ಮತ್ತೆ ಹಾಕುವುದು ಕ್ಷೇಮ. 1516ರ ಬವೇರಿಯಾದ ಶುದ್ಧತಾ ಕಾನೂನಿನ ಸಂಪ್ರದಾಯ ಪಾಲಿಸುವ ಜರ್ಮನರು ಬಾಟಲಿಯ ಆಮ್ಲ ಮುಟ್ಟುವುದಿಲ್ಲ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದ ಹುಳಿ ಬರಿಸಿದ ಮಾಲ್ಟನ್ನೇ ಬೆರೆಸುತ್ತಾರೆ. ಒಟ್ಟು ಮಾಲ್ಟಿನಲ್ಲಿ ಅದು ನೂರಕ್ಕೆ 1 ಪಾಲಿದ್ದರೆ ಪಿಎಚ್ 0.1 ಇಳಿಯುತ್ತದೆ ಎಂಬುದು ಅವರ ಲೆಕ್ಕ. ಮ್ಯಾಶ್ ಮುಗಿದ ಮೇಲೆ ಹೊಟ್ಟಿನ ಮೇಲೆ ಬಿಸಿನೀರು ಸುರಿದು ಸಿಹಿಯನ್ನು ತೊಳೆದು ತೆಗೆಯುವಾಗಲೂ ಪಿಎಚ್ 6 ದಾಟಬಾರದು, ದಾಟಿದರೆ ಹೊಟ್ಟಿನ ಟ್ಯಾನಿನ್ ಇಳಿದು ಬರುತ್ತದೆ. ಕ್ಷಾರತೆ ಕಡಿಮೆ ಇರುವ ನೇತ್ರಾವತಿಯ ನೀರಿನಲ್ಲಿ ಈ ಭಯ ಕಡಿಮೆ.

ಅಡುಗೆ ಸೋಡಾ ಇಲ್ಲಿ ತದ್ವಿರುದ್ಧದ ಕೆಲಸ ಮಾಡುತ್ತದೆ, ಲಾಗರಿನ ಹತ್ತಿರ ಅದನ್ನು ತರಬಾರದು. ಜಿಪ್ಸಂ ಎಂದು ಶೇಂಗಾ ಹೊಲಕ್ಕೆ ಹಾಕುವ ಅಥವಾ ಗೋಡೆಗೆ ಬಳಿಯುವ ಪುಡಿಯನ್ನೂ, ಕ್ಯಾಲ್ಸಿಯಂ ಕ್ಲೋರೈಡ್ ಎಂದು ಮಳೆಗಾಲದಲ್ಲಿ ಕಪಾಟಿನೊಳಗೆ ತೇವ ಹೀರಲು ಇಡುವ ಡಬ್ಬಿಯ ಹರಳನ್ನೂ ಬಳಸಬಾರದು. ಫುಡ್ ಗ್ರೇಡ್ ಎಂದು ಬರೆದದ್ದೇ ಬೇಕು. ಕ್ಯಾಲ್ಸಿಯಂ ಕ್ಲೋರೈಡ್ ಕರಾವಳಿಯ ಗಾಳಿಯ ತೇವವನ್ನು ಹೀರಿ ತಾನೇ ನೀರಾಗುತ್ತದೆ. ಹಾಗೆ ತೇವ ಹಿಡಿದ ಹರಳನ್ನು 3 ಗ್ರಾಂ ತೂಗಿದರೆ ಅದರಲ್ಲಿ ಲವಣ ಅಷ್ಟಿರುವುದಿಲ್ಲ. ಬಿಗಿ ಮುಚ್ಚಳದ ಗಾಜಿನ ಬಾಟಲಿ ಅದಕ್ಕೆ ತಕ್ಕ ಜಾಗ. ತೂಗಲು ಅಡುಗೆಮನೆಯ ತಕ್ಕಡಿ ಸಾಲದು, ಅಕ್ಕಸಾಲಿಗರಲ್ಲಿ ಇರುವಂಥ 0.01 ಗ್ರಾಂ ತೋರಿಸುವ ಪುಟ್ಟ ತೂಕದ ಯಂತ್ರ ಬೇಕು.

ಅಳತೆಯಲ್ಲಿ ಹೆಚ್ಚಿನವರು ಎಡವುವುದು ಟಿಡಿಎಸ್ ಮೀಟರಿನಲ್ಲಿ. ವಾಟರ್ ಫಿಲ್ಟರ್ ಮಾರಲು ಬರುವವರು ನೀರಿಗೆ ಅದ್ದಿ ತೋರಿಸುವ ಆ ಮೀಟರ್ ನಿಜವಾಗಿ ಅಳೆಯುವುದು ವಿದ್ಯುತ್ ವಾಹಕತೆಯನ್ನು. ಕರಗಿದ್ದು ಒಟ್ಟು ಎಷ್ಟು ಎಂಬ ಅಂದಾಜು ಅದರಿಂದ ಸಿಗುತ್ತದೆ, ಕರಗಿದ್ದು ಸುಣ್ಣವೋ ಉಪ್ಪೋ ಎಂಬುದು ತಿಳಿಯುವುದಿಲ್ಲ. ಗಡಸುತನ ಮತ್ತು ಕ್ಷಾರತೆಯನ್ನು ಬೇರೆಬೇರೆಯಾಗಿ ಅಳೆಯಲು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಹನಿ ಪರೀಕ್ಷೆಯ ಕಿಟ್ ಸಾಕಷ್ಟು ಒಳ್ಳೆಯದು. ಅದರ ಒಂದು ಜರ್ಮನ್ ಡಿಗ್ರಿ ಎಂದರೆ ಲೀಟರಿಗೆ 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಲೋರೈಡ್, ಸಲ್ಫೇಟ್, ಕಬ್ಬಿಣಕ್ಕೆ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕೊಡುವುದೇ ಸರಿ. ಮ್ಯಾಶಿನ ಪಿಎಚ್ಚಿಗೆ ಕಾಗದದ ಪಟ್ಟಿ ನಂಬುವಂಥದ್ದಲ್ಲ. 4 ಮತ್ತು 7ರ ದ್ರಾವಣಗಳಲ್ಲಿ ಸರಿಹೊಂದಿಸಿದ ಮೀಟರ್ ಬೇಕು, ಮಾದರಿಯನ್ನು ಕೋಣೆಯ ತಾಪಕ್ಕೆ ತಣಿಸಿಯೇ ಅಳೆಯಬೇಕು. ಬಿಸಿ ಮ್ಯಾಶಿನ ಪಿಎಚ್ ತಣ್ಣಗಿನದಕ್ಕಿಂತ 0.3ರಷ್ಟು ಕಡಿಮೆ ಇರುತ್ತದೆ, ಬಿಸಿಗೆ ಮೀಟರಿನ ಗಾಜೂ ಬೇಗ ಹಾಳಾಗುತ್ತದೆ.

ಗಡಸು ನೀರಿನವರ ಕೆಲಸ ಇದಕ್ಕಿಂತ ಕಷ್ಟದ್ದು. ಒಂದು ಬೋರ್‌ವೆಲ್ ನೀರಿನಲ್ಲಿ ಕ್ಷಾರತೆ 250, ಕ್ಯಾಲ್ಸಿಯಂ 80, ಮೆಗ್ನೀಸಿಯಂ 30 ಇದೆ ಎಂದುಕೊಂಡರೆ ಉಳಿಕೆ ಕ್ಷಾರತೆ 175ರ ಹತ್ತಿರ. ಕುದಿಸಿದಾಗ ಬೈಕಾರ್ಬೊನೇಟಿನ ಒಂದು ಪಾಲು ಸುಣ್ಣವಾಗಿ ತಳಕ್ಕಿಳಿಯುತ್ತದೆ, ಆದರೆ ಜೊತೆಗೆ ಕ್ಯಾಲ್ಸಿಯಮ್ಮೂ ಹೋಗುತ್ತದೆ. ಇಂಥ ನೀರಿನ ಒಂದು ಪಾಲಿಗೆ ಆರ್‌ಓ ನೀರಿನ ನಾಲ್ಕು ಪಾಲು ಬೆರೆಸಿ, ಆಮೇಲೆ ಲವಣದ ಲೆಕ್ಕ ಹಿಡಿಯುವುದು ಸುಲಭ. ಲಂಡನ್ನಿನ ನೀರೂ ಸೀಮೆಸುಣ್ಣದ ನೆಲದಿಂದಾಗಿ ಗಡಸು, ಅಲ್ಲಿನ ಕನ್ನಡಿಗರಿಗೆ ಈ ದಾರಿಯೇ ಗತಿ. ಬೆಟ್ಟದ ಮಳೆ, ಹಿಮದ ನೀರು ಕುಡಿಯುವ ಸಿಯಾಟಲ್, ಪೋರ್ಟ್‌ಲ್ಯಾಂಡ್‌ಗಳಲ್ಲಿ ಇರುವವರು ಮಂಗಳೂರಿನ ಲೆಕ್ಕವನ್ನೇ ಸ್ವಲ್ಪ ತಿದ್ದಿ ಬಳಸಬಹುದು. ಕೊಟ್ಟಾರದಲ್ಲಂತೂ ಲಾಗರಿಗೆಂದು ಆರ್‌ಓ ಹಾಕುವುದು ದುಡ್ಡು, ನೀರು ಎರಡೂ ದಂಡ. ಮೊದಲೇ ಮೆದುವಾದ ನೀರನ್ನು ಹಿಂಡಿ, ಅದರಲ್ಲಿ ಒಂದು ಪಾಲನ್ನು ಚರಂಡಿಗೆ ಬಿಟ್ಟು, ಮತ್ತೆ ಲವಣ ಸೇರಿಸುವುದರಲ್ಲಿ ಅರ್ಥವಿಲ್ಲ. ಕಾರ್ಬನ್ ಫಿಲ್ಟರ್ ಸಾಕು.

ನದಿಯ ನೀರು ವರ್ಷವಿಡೀ ಒಂದೇ ಆಗಿರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬರುವ ಕೆಂಪು ನೀರಿನಲ್ಲಿ ಲವಣ ತೀರ ಕಡಿಮೆ, ಮಣ್ಣು ಹೆಚ್ಚು. ಅದನ್ನು ತಿಳಿಗೊಳಿಸಲು ಪಟಿಕ ಹಾಕಿದಾಗ ಇದ್ದ ಅಲ್ಪ ಕ್ಷಾರತೆಯೂ ತಗ್ಗಿ, ಸಲ್ಫೇಟ್ ಸ್ವಲ್ಪ ಏರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹರಿವು ನಿಂತು, ಡ್ಯಾಮಿನಲ್ಲಿ ನಿಂತ ನೀರೇ ನಗರಕ್ಕೆ ಆಸರೆಯಾದಾಗ ಕರಗಿದ ಅಂಶ ಹೆಚ್ಚುತ್ತದೆ. 2019ರ ಬೇಸಿಗೆಯಂತೆ ರೇಷನಿಂಗ್ ಬಂದ ವರ್ಷಗಳಲ್ಲಿ ಮನೆಗಳಿಗೆ ಟ್ಯಾಂಕರ್ ನೀರು, ಬಾವಿ ನೀರು ಎಲ್ಲ ಒಂದೇ ಸಂಪಿಗೆ ಬೀಳುತ್ತವೆ. ಸಂಪು ಹೊಸ ಸಿಮೆಂಟಿನದಾಗಿದ್ದರೆ ಮೆದು ನೀರು ಅದರ ಸುಣ್ಣವನ್ನು ಕರಗಿಸಿಕೊಂಡು ಪಿಎಚ್ಚನ್ನೂ ಕ್ಷಾರತೆಯನ್ನೂ ಏರಿಸಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆಗೆ ನೀರು ಹಿಡಿಯಬೇಕಾದದ್ದು ಬಿಯರಿಗೆ ಬಳಸುವ ಅದೇ ನಳ್ಳಿಯಿಂದ, ಮಳೆಗಾಲದಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ. ಎರಡೂ ಫಲಿತಾಂಶಗಳನ್ನು ಬರೆದಿಟ್ಟುಕೊಳ್ಳಿ. ಕೊಟ್ಟಾರದ ನೀರಿಗೆ ಹಾಕಬೇಕಾದ ಲವಣವನ್ನು ನಿರ್ಧರಿಸಬೇಕಾದದ್ದು ಆ ಎರಡು ಚೀಟಿಗಳಿಂದಲೇ, ಬೇರೆ ಊರಿನವರ ಪಟ್ಟಿಯಿಂದಲ್ಲ.